ರಾಜಮಾವನ ಶುಭೋದಯ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಿದರೆ ಪರದೆಯ ಮೇಲೆ ಇನ್ನೂ ಚಕ್ರವೇ ತಿರುಗುತ್ತಿರುವಷ್ಟು ಹಿಂದೆ, ಶೀಘ್ರಪುರ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜಾಧಿರಾಜ, ವಾಯುವೇಗವಿಕ್ರಮ, ಅಶ್ವಹೃದಯ, ವೇಗವರ್ಮ ಪ್ರಭುಗಳು. ಪ್ರಭುಗಳಿಗೆ ವೇಗವೆಂದರೆ ಪ್ರಾಣ. ಆದರೆ ಸಭೆಗೆ ಬರುವುದು ಮಾತ್ರ ಸ್ಲೋ ಮೋಷನ್ನಿನಲ್ಲಿ. ಬಾಗಿಲಿನಿಂದ ಸಿಂಹಾಸನಕ್ಕೆ ಇಪ್ಪತ್ತು ಹೆಜ್ಜೆ, ಅದಕ್ಕೆ ಅರ್ಧ ಗಂಟೆ. ಒಬ್ಬ ಪಕ್ಕದಲ್ಲೇ ನಡೆಯುತ್ತಾ ಬೀಸಣಿಗೆ ಬೀಸಿ ಉತ್ತರೀಯ ಹಾರಿಸಬೇಕು. ಇಬ್ಬರು ನಗಾರಿಯವರು ಕೋಲು ಎತ್ತಿಕೊಂಡೇ ಕಾಯಬೇಕು. ಪ್ರಭು ಒಂದು ಡೈಲಾಗ್ ಹೊಡೆದರೆಂದರೆ ಡಡಡಂ! ಸಭಿಕರು ಸೀಟಿ ಹಾಕಬೇಕು. ಹಲ್ಲು ಉದುರಿ ಸೀಟಿ ಬಾರದ ಹಿರಿಯ ಸಭಿಕರಿಗೆ ಉಗ್ರಾಣದಿಂದ ಪೀಪಿ ಕೊಡಿಸಲಾಗಿತ್ತು. ಒಮ್ಮೆ ಪ್ರಭು ಸುಮ್ಮನೆ ಸೀನಿದಾಗಲೂ ನಗಾರಿ ಬಿದ್ದು, ಪೀಪಿ ಊದಿ, ಒನ್ಸ್ ಮೋರ್ ಎಂದು ಕೂಗೆದ್ದು, ಪ್ರಭು ಇನ್ನೊಮ್ಮೆ ಸೀನಬೇಕಾಗಿ ಬಂದಿತ್ತು.

ಪ್ರಭುಗಳ ಹೆಮ್ಮೆಯ ಯೋಜನೆ ಗಾಳಿದಾರಿ. ಅರಮನೆಯ ನೆತ್ತಿಯ ಮೇಲೆ ಒಂದು ಗೋಪುರ. ತಂತಿ ಇಲ್ಲ, ಕಂಬ ಇಲ್ಲ. ಮನೆಮನೆಗೊಂದು ಕೈಯಗಲದ ಯಂತ್ರ. ಮನೆಯಲ್ಲಿ ಕೂತು ಅದರಲ್ಲಿ ಒತ್ತಿದ್ದು ಗಾಳಿಯಲ್ಲೇ ತೇಲಿ ಅರಮನೆ ಸೇರುತ್ತಿತ್ತು. ಗೋಪುರದ ಮೇಲೆ ಫಲಕ: ‘ವೇಗ: ಸಾವಿರ ಕುದುರೆ’. ಆ ಸಾವಿರವನ್ನು ಯಾರೂ ಅಳೆದಿರಲಿಲ್ಲ, ಪೇಂಟರ್ ಬರೆದಿದ್ದ.

ಗೋಪುರವನ್ನು ಮಾರಿದ ಪರದೇಶದ ವರ್ತಕ ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿದ್ದ. “ಇದಕ್ಕೆ ಇರೋದು ಒಂದೇ ಬಾಯಿ, ಒಂದೇ ಕಿವಿ. ಒಂದು ಸಲಕ್ಕೆ ಒಂದು ಮನೆ ಜೊತೆ ಮಾತ್ರ ಮಾತಾಡುತ್ತೆ, ಮಿಕ್ಕವರು ಆಗ ಸುಮ್ಮನಿರಬೇಕು. ಸರದಿ ಹೇಗೆ ಹಂಚಲಿ?”

ಮಹಾಮಂತ್ರಿ ತಥಾಸ್ತಯ್ಯನವರು ಗಡ್ಡ ಸವರಿಕೊಂಡರು. ಹೆಸರೇ ಹೇಳುವಂತೆ ಇವರು ನಲವತ್ತು ವರ್ಷದ ಸೇವೆಯಲ್ಲಿ ಒಮ್ಮೆಯೂ ಇಲ್ಲ ಎಂದವರಲ್ಲ. ಹೀಗಾಗಿ ಸ್ವಂತ ಉತ್ತರ ಎಂಬುದೂ ಅವರ ಬಳಿ ಇರಲಿಲ್ಲ. ಈ ರಾಜ್ಯದಲ್ಲಿ ಸಾವಿರ ಜನಕ್ಕೆ ಒಟ್ಟಿಗೆ ಏನನ್ನಾದರೂ ಹಂಚಿ, ಬೈಸಿಕೊಳ್ಳದೆ ಬದುಕಿರುವ ತಜ್ಞ ಯಾರು ಎಂದು ಯೋಚಿಸಿ, ಅರಮನೆಯ ಹಿರಿಯ ಬಾಣಸಿಗನನ್ನು ಕರೆಸಿದರು.

ಬಾಣಸಿಗ ಕೈ ಒರೆಸಿಕೊಳ್ಳುತ್ತಾ ಬಂದ. “ಅದಕ್ಕೇನು ಸ್ವಾಮಿ, ನಮ್ಮ ಅರಮನೆ ಪಂಕ್ತೀಲಿ ಏನು ಪದ್ಧತಿಯೋ ಅದೇ. ಎಲೆಗೊಂದು ಸೌಟು. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಹಾಕಿದ್ದನ್ನ ಅವರು ಉಂಡು ಮುಗಿಸೋ ತನಕ ಬಡಿಸೋನು ಆ ಎಲೆ ಬಿಟ್ಟು ಕದಲಬಾರದು. ಉಣ್ಣೋರನ್ನ ಅವಸರ ಮಾಡಿದ್ರೆ ಅನ್ನಪೂರ್ಣೇಶ್ವರಿಗೆ ಅವಮಾನ.”

“ತಥಾಸ್ತು” ಎಂದರು ಮಹಾಮಂತ್ರಿಗಳು. ವರ್ತಕ ಗೋಪುರದೊಳಗಿನ ಒಂದು ತಿರುಪನ್ನು ಹಾಗೇ ಬಿಗಿ ಮಾಡಿ ಹೊರಟುಹೋದ.

ಗಾಳಿದಾರಿಯಲ್ಲಿ ಏನು ಸಾಗುತ್ತಿತ್ತು ಎಂದಿರಾ? ಅಕ್ಕಿ. ಅಕ್ಕಿಯಲ್ಲ, ಅಕ್ಕಿಯ ಹೆಬ್ಬೆಟ್ಟು. ಶೀಘ್ರಪುರದಲ್ಲಿ ಸಾವಿರದ ಇನ್ನೂರು ಮನೆ. ಬೆಳಗ್ಗೆ ಆರರಿಂದ ಎಂಟರ ನಗಾರಿಯೊಳಗೆ ಮನೆಗೊಬ್ಬರು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಅದು ಅರಮನೆ ತಲುಪಿದರೆ ಆ ಮನೆಗೆ ಆ ದಿನದ ಅಕ್ಕಿ. ತಲುಪದಿದ್ದರೆ ಆ ಮನೆಯೇ ಇಲ್ಲ. ಒಂದು ಹೆಬ್ಬೆಟ್ಟು ಪೂರ್ತಿ ದಾಟಲು ಇಪ್ಪತ್ತು ಸೌಟು ಬೇಕಿತ್ತು. ಆದರೂ ಎಲ್ಲರ ಯಂತ್ರವೂ ಚುರುಕು, ಎಲೆಗೆ ಬಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಎಳೆಯುವಷ್ಟರಲ್ಲಿ ಇಡೀ ಊರಿನ ಕೆಲಸ ಮುಗಿಯುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು. ಚಿತ್ರಕಥೆ ಇಷ್ಟು ನೆಟ್ಟಗೆ ಹೋಗುತ್ತಿದ್ದರೆ ಇಂಟರ್ವಲ್ಲಿಗೆ ಮೊದಲು ಏನೋ ಆಗಲೇಬೇಕಲ್ಲವೇ?

ಆಯಿತು. ಒಂದು ಸೋಮವಾರ ಮನೆಮನೆಯ ಯಂತ್ರದ ಪರದೆಯ ಮೇಲೆ ಚಕ್ರ ತಿರುಗಲು ಶುರುವಾಯಿತು. ಒತ್ತಿದ ಹೆಬ್ಬೆಟ್ಟು ಒತ್ತಿದಲ್ಲೇ. ಆರು ಹೊಡೆದ ಕೂಡಲೇ ಒತ್ತಿದ ತೊಂಬತ್ತು ಮನೆಗೆ ಅಕ್ಕಿ ಸಿಕ್ಕಿತು, ಉಳಿದವರಿಗೆ ಚಕ್ರ. ಮಂಗಳವಾರವೂ ಚಕ್ರ. ಬುಧವಾರ ಜನ ಚೀಲ ಹಿಡಿದು ಉಗ್ರಾಣದ ಬಾಗಿಲಿಗೇ ಬಂದರು. ಮುಂದೆ ನಿಂತವಳು ಬಸಮ್ಮಣ್ಣಿ, ಮೂರು ಮಕ್ಕಳ ತಾಯಿ.

“ಅಣ್ಣಾ, ನಾನು ಕಣಣ್ಣ, ಬಸಮ್ಮಣ್ಣಿ. ನಿನ್ನ ಮದುವೇಲಿ ಒಬ್ಬಟ್ಟು ತಟ್ಟಿಕೊಟ್ಟೋಳು.”

ಉಗ್ರಾಣದವನು ತಲೆ ಎತ್ತಲಿಲ್ಲ. “ಗೊತ್ತಕ್ಕ. ಒಬ್ಬಟ್ಟು ಸಖತ್ತಾಗಿತ್ತು. ಆದ್ರೆ ಯಂತ್ರದ ಪ್ರಕಾರ ನೀನಿನ್ನೂ ಬಂದಿಲ್ಲ.”

“ನಿನ್ನ ಮೂಗಿನ ಕೆಳಗೆ ನಿಂತಿದ್ದೀನಲ್ಲೋ!”

“ನಿಂತಿರೋದು ನೀನು. ಬರಬೇಕಾಗಿರೋದು ಹೆಬ್ಬೆಟ್ಟು.”

“ಈ ಹೆಬ್ಬೆಟ್ಟು ನೋಡು, ನನ್ನ ಕೈಲೇ ಐತೆ!”

“ಕೈಲಿದ್ರೆ ಏನಕ್ಕಾ ಪ್ರಯೋಜನ? ಗಾಳೀಲಿ ಇರ್ಬೇಕು.”

ಸುದ್ದಿ ಅರಮನೆಗೆ ಮುಟ್ಟಿತು. ಪ್ರಭುಗಳು ಅರ್ಧ ಗಂಟೆ ನಡೆದು ಬಂದು ತುರ್ತು ಸಭೆ ಕರೆದರು.

“ತಥಾಸ್ತಯ್ಯ! ಕುದುರೆ ಓಡಿದ್ರೆ ಧೂಳು ಏಳುತ್ತೆ. ಈ ವೇಗವರ್ಮ ಎದ್ರೆ ಆ ಧೂಳೂ ಎದ್ದು ಕೈ ಮುಗಿಯುತ್ತೆ!” ಡಡಡಂ. ಸೀಟಿ. ಪೀಪಿ. “ನನ್ನ ರಾಜ್ಯದಲ್ಲಿ ನಿಧಾನ ಅನ್ನೋದಕ್ಕೆ ಎಂಟ್ರಿ ಕೊಟ್ಟೋರು ಯಾರು?”

“ಪ್ರಭುಗಳ ಎದುರು ನಿಧಾನವೂ ಓಡಿಹೋಗಬೇಕು” ಎಂದರು ಮಹಾಮಂತ್ರಿಗಳು. “ಫಲಕದಲ್ಲಿ ಕುದುರೆ ಕಮ್ಮಿಯಾಗಿರಬಹುದು.”

ಅಂದೇ ಪೇಂಟರನ್ನು ಹತ್ತಿಸಿ ಫಲಕಕ್ಕೆ ಒಂದು ಸೊನ್ನೆ ಸೇರಿಸಲಾಯಿತು. ಹತ್ತು ಸಾವಿರ ಕುದುರೆ. ಗುರುವಾರ ಅಕ್ಕಿ ಸಿಕ್ಕಿದ್ದು ಎಂಬತ್ತೆಂಟು ಮನೆಗೆ. ಹಾಗಾದರೆ ತಪ್ಪು ಪ್ರಜೆಗಳ ಬೆರಳಿನದೇ ಎಂದು ತಿಳಿದು ‘ಹೆಬ್ಬೆಟ್ಟು ಶುದ್ಧಿ ಸಪ್ತಾಹ’ ಘೋಷಿಸಿದರು. ಬೀದಿಬೀದಿಗೆ ಬ್ಯಾನರ್ ಕಟ್ಟಿ, ಸೀಗೆಪುಡಿ ಹಂಚಿ, ಒಂದು ಸಾಮೂಹಿಕ ಬೆರಳು ತೊಳೆಯುವ ಕಾರ್ಯಕ್ರಮವನ್ನೂ ಮಾಡಿದರು. ಇಡೀ ಊರಿನ ಹೆಬ್ಬೆಟ್ಟು ಫಳಫಳ. ಹೊಟ್ಟೆ ಖಾಲಿ ಖಾಲಿ.

ಕೊನೆಗೆ, ಎಲ್ಲ ರಾಜ್ಯಗಳಲ್ಲೂ ಆಗುವಂತೆ, ವಿಷಯ ಗೊತ್ತಿದ್ದವರನ್ನು ಕರೆಸುವ ದುರ್ದಿನ ಬಂದಿತು. ಗೋಪುರದ ಮೇಸ್ತ್ರಿ ನಿಂಗಾಜಮ್ಮ ಎಂಟ್ರಿ. ಹಿನ್ನೆಲೆ ಸಂಗೀತ ನೀವೇ ಹಾಕಿಕೊಳ್ಳಿ, ಅವಳಿಗೆ ನಗಾರಿ ಮಂಜೂರಾಗಿರಲಿಲ್ಲ. ನಲವತ್ತೈದರ ಹೆಂಗಸು, ತುರುಬಿನಲ್ಲಿ ಹೂವಿನ ಜಾಗಕ್ಕೆ ಸ್ಕ್ರೂಡ್ರೈವರ್. ಅವಳ ಮನೆಗೂ ಹತ್ತು ದಿನದಿಂದ ಅಕ್ಕಿ ಬಂದಿರಲಿಲ್ಲ.

“ಮೂರು ದಿನ ಟೈಮು” ಎಂದರು ಪ್ರಭು. “ವೇಗ ಕದ್ದ ಕಳ್ಳನನ್ನ ಹಿಡಿದು ತಂದ್ರೆ ಊರಿಗೆ ಬಾಕಿ ಇರೋ ಅಕ್ಕಿ ಎಲ್ಲಾ ಒಂದೇ ಏಟಿಗೆ ಅಳೆಸ್ತೀನಿ. ತರದೇ ಇದ್ರೆ ನಿನ್ನ ಮನೆ ಹೆಬ್ಬೆಟ್ಟನ್ನೇ ಯಂತ್ರದಿಂದ ಅಳಿಸ್ತೀನಿ. ಅಳಿಸ್ತೀನಿ ಅಂದ್ರೆ... ಅಳಿಸ್ತೀನಿ!”

ಡೈಲಾಗು ಮುಗಿಯಿತೋ ಇಲ್ಲವೋ ಗೊತ್ತಾಗದೆ ನಗಾರಿ ಅರ್ಧಕ್ಕೇ ಬಿತ್ತು. ಡಡ.

“ಆಗ್ಲಿ ಬುದ್ಧಿ. ಮಾತು ತಪ್ಪಬಾರದು ಮತ್ತೆ” ಎಂದು ನಿಂಗಾಜಮ್ಮ ಗೋಪುರ ಹತ್ತಿದಳು.

ಹತ್ತಿ ಗೋಪುರದ ಹೊಟ್ಟೆ ಬಿಚ್ಚಿ ನೋಡಿದಳು. ಒಳಗೆ ಸರದಿ ಓಡುವುದು ದೀಪದಲ್ಲಿ ಕಾಣುತ್ತಿತ್ತು. ಒಂದನೇ ಎಲೆ, ಎರಡನೇ ಎಲೆ, ಮೂರನೇ ಎಲೆ, ಟಕ ಟಕ ಟಕ. ಏಳನೇ ಎಲೆಗೆ ಬಂದಿತು, ನಿಂತಿತು. ನಿಂಗಾಜಮ್ಮ ಸೊಂಟದಿಂದ ಚೀಲ ತೆಗೆದು, ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಬಾಯಿಗೆ ಹಾಕಿ, ಅಗಿದು, ಉಗಿದು ಬಂದಳು. ಇನ್ನೂ ಏಳನೇ ಎಲೆ. ಆಮೇಲೆ ಅಂತೂ ಮುಂದೆ ಹೋಯಿತು, ಮಿಕ್ಕವರೆಲ್ಲ ಮತ್ತೆ ಟಕ ಟಕ, ಸುತ್ತು ಬಂದು ಮತ್ತೆ ಏಳರಲ್ಲಿ ಠಿಕಾಣಿ. ಸುತ್ತಿಗೊಮ್ಮೆ ಹೀಗೇ. ಏಳನೇ ಎಲೆಗೆ ಸಿಗುತ್ತಿದ್ದದ್ದೂ ಒಂದೇ ಸೌಟು. ಪಂಕ್ತಿಭೇದ ಇಲ್ಲವೇ ಇಲ್ಲ. ಆದರೆ ಆ ಒಂದು ಸೌಟು ಮುಗಿಸಲು ಆ ಎಲೆಯವರು ತೆಗೆದುಕೊಳ್ಳುತ್ತಿದ್ದ ಹೊತ್ತು ಇತ್ತಲ್ಲ, ಅದು ಉಳಿದ ಸಾವಿರದ ಇನ್ನೂರು ಎಲೆಯದೂ ಸೇರಿದ ಹೊತ್ತಿಗಿಂತ ಜಾಸ್ತಿ. ಚುರುಕಿನ ಯಂತ್ರ ಇದ್ದವರೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕಾಯಬೇಕು.

“ಯಾವನಪ್ಪಾ ನೀನು ಏಳನೇ ಎಲೆ?” ಎಂದು ಸಿಗ್ನಲ್ ಅಳೆಯುವ ಪೆಟ್ಟಿಗೆ ಹಿಡಿದು ಮರುದಿನ ಬೆಳಗ್ಗೆ ಹುಡುಕಿ ಹೊರಟಳು. ಊರ ಕಡೆ ಹೋದರೆ ಪೆಟ್ಟಿಗೆ ಸುಮ್ಮನೆ. ಅರಮನೆಯ ಕಡೆ ತಿರುಗಿದರೆ ಪಿಳಿಪಿಳಿ. ತೋಟ ದಾಟಿ, ಕೊಳ ದಾಟಿ, ಆನೆಲಾಯದ ಹಿಂದೆ ಹೋದರೆ ಮೂರಡಿ ದಪ್ಪ ಕಲ್ಲುಗೋಡೆಯ ಹಳೆಯ ಬಚ್ಚಲುಮನೆ. ಒಳಗಿನಿಂದ ಹೊಗೆ, ಹಬೆ, ಹರಳೆಣ್ಣೆಯ ವಾಸನೆ.

ಬಾಗಿಲು ತಳ್ಳಿದರೆ ಮಣೆಯ ಮೇಲೆ ರಾಜಮಾವ ಸಾವಕಾಶರಾಯರು!

ಸಾವಕಾಶರಾಯರೆಂದರೆ ಪ್ರಭುಗಳ ಸೋದರಮಾವ, ಹೆಣ್ಣು ಕೊಟ್ಟ ಮಾವನೂ ಅವರೇ. ಅಂದರೆ ಮಹಾರಾಣಿಯವರ ತಂದೆ. ಎರಡು ವರ್ಷಕ್ಕೂ ಮಿಕ್ಕಿ ನೆಂಟರ ಮನೆಗಳ ಪ್ರವಾಸ ಮುಗಿಸಿ, ಆ ಸೋಮವಾರದ ಹಿಂದಿನ ಭಾನುವಾರವಷ್ಟೇ ಅರಮನೆಗೆ ಮರಳಿದ್ದರು. ನೆತ್ತಿಗೆ ಎಣ್ಣೆ, ಸೊಂಟಕ್ಕೆ ತುಂಡುಪಂಚೆ, ತೊಡೆಯ ಮೇಲೆ ರುಬ್ಬುಗುಂಡಿನ ಗಾತ್ರದ ಒಂದು ಯಂತ್ರ. ರಾಜ್ಯಕ್ಕೆ ಬಂದ ಮೊಟ್ಟಮೊದಲ ಯಂತ್ರ ಅದು, ಗೋಪುರಕ್ಕಿಂತಲೂ ಹಳೆಯದು. ಒತ್ತಿದಾಗಲೊಮ್ಮೆ ‘ಗೊರ್’ ಎನ್ನುತ್ತಿತ್ತು.

“ಬಾರಮ್ಮ, ಒಳಗೆ ಬಾ, ಹಬೆ ಆರುತ್ತೆ ಬಾಗಿಲು ಹಾಕು” ಎಂದರು ರಾಯರು. ಪಾಪ, ಸಿಡುಕೇ ಗೊತ್ತಿಲ್ಲದ ಮನುಷ್ಯ. “ನಮ್ಮ ಶುಭೋದಯ ಬಂತಾ ನಿನಗೆ?”

“ಯಾವ ಶುಭೋದಯ ಬುದ್ಧಿ?”

“ದಿನಾ ಆರು ಗಂಟೆಯಿಂದ ಕಳಿಸ್ತಾ ಕೂತಿದ್ದೀನಲ್ಲಮ್ಮ, ಸಾವಿರದ ಇನ್ನೂರು ಮನೆಗೂ! ಒಂದು ಮನೆ ಬಿಟ್ಟಿಲ್ಲ. ರಾಜನ ಮಾವ ಅಂತ ಜಂಬ ಮಾಡಬಾರದು ನೋಡು.” ಯಂತ್ರವನ್ನು ತಿರುಗಿಸಿ ತೋರಿಸಿದರು. ಸೂರ್ಯೋದಯ. ಅದರ ಮೇಲೆ ಗುಲಾಬಿ. ಗುಲಾಬಿಯೊಳಗೊಂದು ಮಗು. ಮಗುವಿನ ಕೈಯಲ್ಲಿ ದೀಪ. ಕೆಳಗೆ ಬಂಗಾರದ ಅಕ್ಷರದಲ್ಲಿ ಸುಭಾಷಿತ: ‘ಸಮಯ ಅಮೂಲ್ಯ. ಪರರ ಸಮಯವನ್ನು ಗೌರವಿಸಿ.’

ನಿಂಗಾಜಮ್ಮ ಹಣೆ ಒರೆಸಿಕೊಂಡಳು, ಹಬೆಗೋ ಏನೋ. “ಬುದ್ಧಿ, ಇದು ಹೋಗೋದಕ್ಕೆ ಬೋ ಹೊತ್ತು ಹಿಡೀತದೆ. ಯಂತ್ರ ಹಳೇದು. ಗೋಪುರ ಅಲ್ಲಿ ಮೇಲೆ. ನಡುವೆ ಈ ಗೋಡೆ. ನಿಮ್ಮ ಎಲೆ ಮುಂದೆ ಗೋಪುರ ನಿಂತೇ ಇರ್ತದೆ, ಊರಿನೋರ ಹೆಬ್ಬೆಟ್ಟು ಹೋಗ್ತಿಲ್ಲ. ಅಕ್ಕಿ ಇಲ್ಲ ಬುದ್ಧಿ ಊರಿಗೆ.”

“ಅಯ್ಯೋ ಹೌದೇ?” ರಾಯರಿಗೆ ನಿಜಕ್ಕೂ ನೋವಾಯಿತು. “ನನಗೆ ಸ್ಪೀಡು ಚೆನ್ನಾಗೇ ಇದೆಯಲ್ಲಮ್ಮ. ಬಂದ ದಿನ ಹೇಗಿತ್ತೋ ಈಗಲೂ ಹಾಗೇ ಇದೆ.”

“ನಿಮಗೆ ಹಾಗೇ ಇರ್ತದೆ. ಮಿಕ್ಕೋರೆಲ್ಲ ನಿಮ್ಮಂಗೆ ಆಗವ್ರೆ. ಒಂದು ಹೊಸ ಯಂತ್ರ ತಗೊಂಡುಬುಡಿ.”

“ಇದು ನನ್ನ ಮದುವೇಲಿ ಬೀಗರು ಕೊಟ್ಟಿದ್ದು ತಾಯಿ. ಬಿಟ್ಟರೆ ಹೆಂಡತಿ ಕಡೆಯವರು ಏನಂದಾರು?”

“ಗೋಪುರದ ಬುಡಕ್ಕೆ ಬಂದು ಕೂತ್ಕಂಡು ಕಳಿಸಿ ಮತ್ತೆ.”

“ತುಂಡುಪಂಚೇಲಾ?”

“ಎಂಟು ಗಂಟೆ ಆದ್ಮೇಲೆ ಕಳಿಸಿ ಬುದ್ಧಿ. ಊರಿನೋರ ಕೆಲಸ ಮುಗಿದಿರ್ತದೆ.”

ರಾಯರು ಅವಳನ್ನು ಕರುಣೆಯಿಂದ ನೋಡಿದರು. “ಎಂಟು ಗಂಟೆ ಮೇಲೆ ಕಳಿಸಿದ್ರೆ ಅದು ಶುಭೋದಯ ಹೇಗಾಗುತ್ತಮ್ಮ?”

ಮೂರನೆಯ ದಿನ ಸಭೆ ಸೇರಿತು. ಅರಮನೆಯ ಹೊರಗೆ ಬಸಮ್ಮಣ್ಣಿ ಮತ್ತು ಇಡೀ ಊರು ಚೀಲ ಹಿಡಿದು ನಿಂತಿತ್ತು. ಬಾಗಿಲಲ್ಲೇ ತಥಾಸ್ತಯ್ಯನವರು ನಿಂಗಾಜಮ್ಮನನ್ನು ತಡೆದರು.

“ಕಳ್ಳ ಸಿಕ್ಕಿದನಂತೆ?”

“ಕಳ್ಳ ಅಲ್ಲ ಸ್ವಾಮಿ. ಮಾವನೋರ ಯಂತ್ರ ನಿಧಾನ.”

ಮಹಾಮಂತ್ರಿಗಳ ಗಡ್ಡ ನೆಟ್ಟಗಾಯಿತು. “ಆ ಪದ ಬಳಸಬೇಡ! ಮಹಾರಾಣಿಯವರ ತಂದೆ ಅವರು. ಗಂಭೀರ ಅನ್ನು. ಇಲ್ಲಾ ಗಜಗಮನ ಅನ್ನು.”

ಒಳಗೆ ಪ್ರಭು ಸಿಂಹಾಸನದ ಮೇಲೆ, ಪಕ್ಕದಲ್ಲಿ ಮಹಾರಾಣಿ, ಅವರ ಪಕ್ಕದಲ್ಲಿ ಸ್ನಾನ ಮುಗಿಸಿ ಮಡಿಯುಟ್ಟ ಸಾವಕಾಶರಾಯರು, ಮಡಿಲಲ್ಲಿ ಯಂತ್ರ. ನಿಂಗಾಜಮ್ಮ ಗಂಭೀರ, ಗಜಗಮನ ಎಂದೆಲ್ಲ ಶುರುಮಾಡಿ ನೋಡಿದಳು. ಯಾರಿಗೂ ಏನೂ ಅರ್ಥವಾಗಲಿಲ್ಲ, ಆನೆಲಾಯದವನು ಗಾಬರಿಯಾದ. ಕೊನೆಗೆ ತುರುಬಿನಿಂದ ಸ್ಕ್ರೂಡ್ರೈವರ್ ತೆಗೆದು ಹೇಳಿಯೇಬಿಟ್ಟಳು.

“ಬುದ್ಧಿ, ಮಾವನೋರ ಯಂತ್ರ ನಿಧಾನ. ಅದರಿಂದ ಊರೆಲ್ಲ ನಿಧಾನ.”

ಎಲ್ಲೋ ಹಿಂದೆ ಒಬ್ಬ ಮುದುಕರ ಪೀಪಿ ತಾನಾಗೇ ‘ಪೀಂ’ ಎಂದಿತು. ಮಹಾರಾಣಿಯವರು ಪ್ರಭುಗಳನ್ನು ನೋಡಿದರು. ಯುದ್ಧದಲ್ಲೂ ಬೆವರದ ಪ್ರಭು ಬೆವರಿದರು.

“ಅಂದ್ರೆ ಮಾವನವರನ್ನ ಎಲೆ ಮುಂದಿಂದ ಎಬ್ಬಿಸಬೇಕು ಅಂತೀಯಾ?”

“ಯಾರನ್ನೂ ಎಬ್ಬಿಸೋದು ಬೇಡ ಬುದ್ಧಿ. ಈಗ ಎಲೆಗೊಂದು ಸೌಟು ಅಂತ ಲೆಕ್ಕ ಐತಲ್ಲ, ಅದನ್ನ ಎಲೆಗೊಂದು ಚಿಟಿಕೆ ಹೊತ್ತು ಅಂತ ಮಾಡುವ. ಒಂದು ಚಿಟಿಕೆ ಹೊಡೆಯೋಗಂಟ ನಿಲ್ಲೋದು, ಎಷ್ಟು ಉಂಡರೋ ಉಂಡರು, ಗೋಪುರ ಮುಂದಕ್ಕೆ. ಮಿಕ್ಕಿದ್ದು ಅವರ ಮುಂದಿನ ಸರದಿಗೆ. ಎಲ್ಲರಿಗೂ ಒಂದೇ ಸಮ ಹೊತ್ತು. ಮಾವನೋರ ಶುಭೋದಯಾನೂ ಹೋಯ್ತದೆ, ಒಸಿ ತಡವಾಗಿ. ಊರಿಗೆ ಅಕ್ಕೀನೂ ಸಿಕ್ತದೆ. ಒಂದೇ ತಿರುಪು ಬುದ್ಧಿ. ಅಪ್ಪಣೆ ಕೊಟ್ರೆ ಈಗ್ಲೇ ತಿರುವಿ ಬತ್ತೀನಿ.”

ಇಲ್ಲೊಂದು ಕ್ಷಣ ನಿಲ್ಲಿ, ಓದುಗ ಮಹಾಪ್ರಭುಗಳೇ. ಆ ಒಂದು ಚಿಟಿಕೆ ಹೊತ್ತಿನಲ್ಲಿ ವೇಗವರ್ಮ ಪ್ರಭುಗಳಿಗೆ ಎಲ್ಲ ಅರ್ಥವಾಗಿತ್ತು. ಮುಖದಲ್ಲಿ ಬೆಳಕು ಬಂದಿತ್ತು. ಬಾಯಿ ‘ಹೂಂ’ ಎನ್ನಲು ತೆರೆದಿತ್ತು. ಸಾವಕಾಶರಾಯರು ಕೂಡ “ಪರವಾಗಿಲ್ಲಪ್ಪ, ತಡವಾದ್ರೆ ಆಗಲಿ...” ಎಂದು ಶುರುಮಾಡಿದ್ದರು. ಆದರೆ ಅವರ ವಾಕ್ಯ ಮುಗಿಯುವುದಕ್ಕೆ ಹೊತ್ತು ಬೇಕಲ್ಲ? ಅಷ್ಟರಲ್ಲಿ ತಥಾಸ್ತಯ್ಯನವರು ನಡುವೆ ಬಂದು ಅಡ್ಡಬಿದ್ದರು.

“ಪ್ರಭೂ! ರಾಜಮಾವನವರ ಎಲೆಯಿಂದ ಬಡಿಸುವವನು ಅರ್ಧಕ್ಕೇ ಎದ್ದುಹೋದ ಎಂದು ಚರಿತ್ರೆ ಬರೆಯಬೇಕೆ? ನನ್ನದೊಂದು ಸಣ್ಣ ನಿವೇದನೆ. ಮಾವನವರು... ಗಂಭೀರ ಎಂದು ಗೊತ್ತಾಗಿದ್ದು ಹೇಗೆ?”

“ಹೇಗೆ?”

“ಪಕ್ಕದಲ್ಲಿ ಬೇರೆಯವರು ಬೇಗ ಇರೋದ್ರಿಂದ. ಎಲ್ಲರೂ ಮಾವನವರ ಹಾಗೇ ಆಗಿಬಿಟ್ಟರೆ ಗಂಭೀರ ಯಾರು, ಚುರುಕು ಯಾರು? ವ್ಯತ್ಯಾಸವೇ ಇಲ್ಲದ ಮೇಲೆ ನಿಧಾನವೇ ಇಲ್ಲ. ಪ್ರಭುಗಳು ನಿಧಾನವನ್ನು ಒಂದೇ ಶಾಸನದಲ್ಲಿ ಸಂಹಾರ ಮಾಡಿದಂತೆ!”

ಮಹಾರಾಣಿಯವರು ಮುಗುಳ್ನಕ್ಕರು. ಪ್ರಭುಗಳ ಬೆವರು ಆರಿತು. ಎದ್ದು ನಿಂತರು, ಬೀಸಣಿಗೆಯವನು ಓಡಿ ಬಂದ.

“ಒಬ್ಬರು ಹಿಂದೆ ಬಿದ್ರೆ ಅದು ಸೋಲು. ಊರೇ ಹಿಂದೆ ಬಿದ್ರೆ ಅದು... ಪಾಲಿಸಿ!”

ಡಡಡಂ. ಆ ದಿನ ಬಿದ್ದ ಸೀಟಿಗೆ ಆನೆಗಳು ಎದ್ದು ನಿಂತವು.

ಸಮವೇಗ ಶಾಸನ ಹೊರಬಿತ್ತು. ಪ್ರಜೆಗಳೆಲ್ಲ ತಮ್ಮ ಚುರುಕಿನ ಯಂತ್ರಗಳನ್ನು ಅರಮನೆಗೆ ಒಪ್ಪಿಸಿ, ರಾಜಮಾವನವರ ಮಾದರಿಯ ಯಂತ್ರವನ್ನೇ ಪಡೆಯತಕ್ಕದ್ದು. ಆ ಮಾದರಿಯನ್ನು ಮಾಡುವವರು ಲೋಕದಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಅರಮನೆಯ ಕಂಚುಗಾರರು ಹಳೇ ಹಂಡೆ ಕರಗಿಸಿ ಸಾವಿರದ ಇನ್ನೂರು ಎರಕ ಹೊಯ್ದರು. ಊರಿಗೆ ಬಾಕಿಯಿದ್ದ ಅಕ್ಕಿಯನ್ನು ಯಂತ್ರದ ಬೆಲೆಗೆ ಮುರಿದುಕೊಳ್ಳಲಾಯಿತು. ‘ನಿಧಾನ’ ಎಂಬ ಪದವನ್ನು ನಿಘಂಟಿನಿಂದ ಕಿತ್ತು, ಆ ಜಾಗದಲ್ಲಿ ರಾಯರ ಭಾವಚಿತ್ರ ಅಂಟಿಸಿದರು.

“ಬುದ್ಧಿ, ನಾನು ಹುಡುಕಿಕೊಟ್ಟೆನಲ್ಲ, ಮಾತು ಕೊಟ್ಟಿದ್ರಿ” ಎಂದಳು ನಿಂಗಾಜಮ್ಮ.

“ಏನು ಹುಡುಕಿದೆ?” ಎಂದರು ತಥಾಸ್ತಯ್ಯನವರು. “ನಿಧಾನ ಅನ್ನೋದೇ ರಾಜ್ಯದಲ್ಲಿ ಇಲ್ಲವಲ್ಲಮ್ಮ.”

ಅವಳ ಮನೆಯ ಹೆಬ್ಬೆಟ್ಟನ್ನು ಅಳಿಸಲು ಅಲ್ಲೇ ಆಜ್ಞೆಯಾಯಿತು. ಆದರೆ ಆಜ್ಞೆಯೂ ಗಾಳಿದಾರಿಯಲ್ಲೇ ಹೋಗಬೇಕು. ಅದಿನ್ನೂ ಸರದಿಯಲ್ಲಿದೆ.

ಹೊಸ ಯಂತ್ರದ ಮೊದಲ ಬೆಳಗು. ಆರಕ್ಕೆ ಇಡೀ ಊರು ಗೊರ್ ಎಂದಿತು. ಹೆಬ್ಬೆಟ್ಟಿನ ಮೊದಲ ಸೌಟು ಇಪ್ಪತ್ತನೇ ಮನೆ ದಾಟುವಷ್ಟರಲ್ಲಿ ಎಂಟರ ನಗಾರಿ ಬಿತ್ತು. ಒಬ್ಬರಿಗೂ ಅಕ್ಕಿ ಇಲ್ಲ. ಸಂಜೆ ತಥಾಸ್ತಯ್ಯನವರು ಪ್ರಭುಗಳಿಗೆ ವರದಿ ಒಪ್ಪಿಸಿದರು. “ಅಭೂತಪೂರ್ವ ಯಶಸ್ಸು ಪ್ರಭೂ. ಯಾರಿಗೂ ತಾರತಮ್ಯವಾಗಿಲ್ಲ. ಒಂದು ಕಾಳು ಅಕ್ಕಿ ಖರ್ಚಾಗಿಲ್ಲ. ಒಂದೇ ಒಂದು ದೂರೂ ಬಂದಿಲ್ಲ.” ದೂರು ಕೊಡಬೇಕಾದ್ದೂ ಗಾಳಿದಾರಿಯಲ್ಲೇ ಎಂದು ಬೇರೆ ಹೇಳಬೇಕಿಲ್ಲವಷ್ಟೇ.

ಬಸಮ್ಮಣ್ಣಿ ನಿಂಗಾಜಮ್ಮನ ಪಕ್ಕದ ಮನೆಯವಳೇ. ಗೋಡೆಯ ಮೇಲಿಂದ ಇಣುಕಿದಳು. “ಅಕ್ಕಾ, ಮಕ್ಳು ನೀರು ಕುಡ್ದು ಕುಡ್ದು ಹೊಟ್ಟೆ ಗುಡುಗುಡು ಅಂತದೆ. ಏನಾರ ಮಾಡಕ್ಕಾ. ನೀನು ಮೇಸ್ತ್ರಿ ತಾನೆ?”

ನಿಂಗಾಜಮ್ಮ ಹಂಡೆ ಯಂತ್ರವನ್ನು ನೋಡಿದಳು. ಗೋಪುರ ನೋಡಿದಳು. ಆಮೇಲೆ ತನ್ನ ಕಾಲು ನೋಡಿಕೊಂಡಳು. “ಅರಮನೆಗೆ ನಡೆದ್ರೆ ಎಷ್ಟು ಹೊತ್ತೇ?”

“ಕಾಲು ಗಂಟೆ. ಯಾಕೆ?”

“ನಿಮ್ಮನೇಲಿ ಬಿಳೇ ದುಪ್ಪಟಿ ಐತಾ?”

ಮಾರನೆಯ ಬೆಳಗ್ಗೆ ನಿಂಗಾಜಮ್ಮ ದುಪ್ಪಟಿ ಹಾಸಿದಳು. ಮನೆಮನೆಯವರು ಪಾತ್ರೆಯ ತಳದ ಮಸಿ ಬೆರಳಿಗೆ ಬಳಿದುಕೊಂಡು ಬಂದರು. ಬೇಯಿಸಲು ಏನೂ ಇಲ್ಲದಿದ್ದರೂ ಮಸಿ ಇತ್ತಲ್ಲ. ಸಾವಿರದ ಇನ್ನೂರು ಹೆಬ್ಬೆಟ್ಟು ಸಾಲಾಗಿ ಬಿದ್ದವು. ದುಪ್ಪಟಿ ಮಡಚಿ ಹೆಗಲಿಗೆ ಹಾಕಿಕೊಂಡು, ಬಸಮ್ಮಣ್ಣಿಯನ್ನು ಜೊತೆಗೆ ಕರೆದುಕೊಂಡು, ಬಿರಬಿರನೆ ನಡೆದು ಎಂಟಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಉಗ್ರಾಣದವನ ಮುಂದೆ ಹರವಿದಳು.

ಉಗ್ರಾಣದವನು ದುಪ್ಪಟಿ ನೋಡಿದ, ಕಡತ ನೋಡಿದ. “ಹೆಬ್ಬೆಟ್ಟು ಎಂಟರೊಳಗೆ ಅರಮನೆ ತಲುಪಬೇಕು ಅಂತ ಬರ್ದಿದೆ. ಹೇಗೆ ತಲುಪಬೇಕು ಅಂತ ಬರ್ದಿಲ್ಲ.”

“ಅದಕ್ಕೆ?”

“ಅದಕ್ಕೆ ಏನು? ತಲುಪಿದೆ. ಅಕ್ಕಾ, ಚೀಲ ಹಿಡಿ. ನನ್ನ ಮದುವೇ ಒಬ್ಬಟ್ಟು ನಾನು ಮರ್ತಿಲ್ಲ.”

ಆ ದಿನ ಶೀಘ್ರಪುರದ ಸಾವಿರದ ಇನ್ನೂರು ಒಲೆಗಳಿಂದ ಹೊಗೆ ಎದ್ದಿತು. ಅದೇ ಕೊನೆಯ ಬಾರಿ.

ಯಾಕೆಂದರೆ ಹೊಗೆ ಅರಮನೆಗೂ ಕಾಣಿಸಿತು. ಅಂದೇ ಅಲ್ಲಿ ಸಾವಕಾಶರಾಯರಿಗೆ ‘ಮಹಾವೇಗಾಧಿಪತಿ’ ಎಂಬ ಬಿರುದು ಕೊಟ್ಟು, ತಲೆಗೊಂದು ಕಿರೀಟ, ಯಂತ್ರಕ್ಕೊಂದು ಸಣ್ಣ ಕಿರೀಟ ಇಡುವ ಸಮಾರಂಭ ನಡೆಯುತ್ತಿತ್ತು. ಮೆರವಣಿಗೆ ಸ್ಲೋ ಮೋಷನ್ನಿನಲ್ಲಿ ಹೊರಟು ಎರಡು ಗಂಟೆಯಾಗಿತ್ತು, ಇನ್ನೂ ಹೊಸಿಲು ದಾಟಿರಲಿಲ್ಲ. ತಥಾಸ್ತಯ್ಯನವರು ಓಡಿ ಬಂದು ಪ್ರಭುಗಳ ಕಿವಿಯಲ್ಲಿ ದುಪ್ಪಟಿಯ ಕಥೆ ಹೇಳಿದರು.

ಪ್ರಭುಗಳ ಕಣ್ಣು ಕೆಂಪಾಯಿತು. “ಮಹಾವೇಗಾಧಿಪತಿಗಳಿಗಿಂತ ಬೇಗ? ನನ್ನ ರಾಜ್ಯದಲ್ಲಿ? ಯಾವ ಯಂತ್ರದಲ್ಲಿ?”

“ಕಾಲಲ್ಲಿ ಪ್ರಭೂ.”

“ಕಾಲಲ್ಲಾ!”

“ಗಾಳಿದಾರಿಗಿಂತ ಕಾಲುದಾರಿ ಬೇಗ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದಾರೆ. ಪಕ್ಕದ ರಾಜ್ಯಕ್ಕೆ ಗೊತ್ತಾದರೆ...”

ಕಿರೀಟ ಹೊತ್ತ ಸಾವಕಾಶರಾಯರು ಮಾತ್ರ ಏನೋ ಹೇಳಲು ಬಾಯಿ ತೆರೆದರು. “ಅಲ್ಲಪ್ಪ, ಊರಿನೋರು ಉಂಡ್ರೆ ಒಳ್ಳೇದೇ...” ಅಷ್ಟರಲ್ಲಿ ನಗಾರಿ ಬಿದ್ದು ಮಾತು ಮುಳುಗಿತು.

ಅಂದೇ ಮಧ್ಯಾಹ್ನ ಡಂಗುರ. ಇನ್ನು ಮುಂದೆ ಶೀಘ್ರಪುರದಲ್ಲಿ ಹೊಸಿಲು ದಾಟಿ ನಡೆಯಬೇಕಾದವರು ಕಾಲ್ನಡಿಗೆ ಪರವಾನಗಿ ಪಡೆಯತಕ್ಕದ್ದು. ಹೆಜ್ಜೆಯ ಉದ್ದ, ಹೋಗುವ ಸ್ಥಳ, ಮರಳುವ ಸಮಯವನ್ನು ನಮೂದಿಸಿ ಗಾಳಿದಾರಿಯಲ್ಲಿ ಅರ್ಜಿ ಹಾಕತಕ್ಕದ್ದು. ಉಗ್ರಾಣದವನನ್ನು ಸೇವೆಯಿಂದ ವಜಾ ಮಾಡಿದರು. ಕೊಟ್ಟಿದ್ದ ಒಂದು ದಿನದ ಅಕ್ಕಿಯನ್ನು ಮುಂದಿನ ತಿಂಗಳ ಅಕ್ಕಿಯಲ್ಲಿ ಹಿಡಿದುಕೊಳ್ಳುವುದೆಂದು ತೀರ್ಮಾನವಾಯಿತು. ದುಪ್ಪಟಿಯನ್ನು ಮುಟ್ಟುಗೋಲು ಹಾಕಿಕೊಂಡರು.

ನಿಂಗಾಜಮ್ಮ ಹೊಸಿಲ ಒಳಗೆ ಕೂತು ಅರ್ಜಿ ಒತ್ತಿದಳು. ಗೊರ್. ಒಂದು ದಿನ ಹೋಯಿತು. ಎರಡು ದಿನ ಹೋಯಿತು. ಮೂರನೆಯ ದಿನ ಬೆಳಗ್ಗೆ ಯಂತ್ರ ಬೆಚ್ಚಗಾಗಿ, ಅಲುಗಾಡಿ, ಒಂದು ಸಾಲು ಕಕ್ಕಿತು. ಗೋಡೆಯಾಚೆಯಿಂದ, ಎದ್ದು ನಿಲ್ಲುವ ಶಕ್ತಿಯಿಲ್ಲದೆ, ಕೂತಲ್ಲಿಂದಲೇ ಬಸಮ್ಮಣ್ಣಿ ಕೇಳಿದಳು.

“ಅಕ್ಕಾ, ಏನೋ ಸದ್ದಾಯ್ತಲ್ಲ. ಪರವಾನಗಿ ಬಂತಾ?”

“ಇಲ್ಲ ಕಣೆ. ಸರದಿ ಬರೋಗಂಟ ದಯವಿಟ್ಟು ಕಾಲು ಅಲ್ಲಾಡಿಸಬೇಡಿ ಅಂತ ಬಂದದೆ.”

“ಹಸಿವಾಯ್ತದಲ್ಲಕ್ಕಾ.”

ನಿಂಗಾಜಮ್ಮ ಪರದೆಯ ಕೆಳಗಿನ ಸಣ್ಣಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದಿದಳು.

“ಅದಕ್ಕೆ ಬೇರೆ ಅರ್ಜಿಯಂತೆ.”